ಅಳಿಸಿದ ಹಾಡು

ಆದೋನಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹಾಡುವವಳು ನಮ್ಮವ್ವ. ಆಲೂರಿನಿಂದಲೂ ಕರೆ ಬರುತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು, ಪಿಸುಮಾತಷ್ಟೇ ಉಳಿಯಿತು. ತಂಗಿಯ ಮಗಳಿಗೆ ನಮ್ಮ ಮನೆಯಲ್ಲೇ ಹೆಸರಿಡುವುದೆಂದಾಗ ಅವ್ವನಿಗೆ ಒಂದೇ ಕೊರಗು: ಊರ ಕೂಸುಗಳಿಗೆಲ್ಲ ಹಾಡಿ ಸ್ವಂತ ಮೊಮ್ಮಗಳಿಗೆ ಹಾಡದಂತಾಯಿತಲ್ಲ.

ಆಪರೇಷನ್‌ಗೆ ಮುಂಚೆ ನಾನು ಅವಳ ಹಾಡುಗಳನ್ನು ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಫೋನಿನಲ್ಲೇ ಹಾಕೋಣ ಎಂದರೆ ಅವ್ವ ಒಪ್ಪಲಿಲ್ಲ.

"ಹಾಡಿನ ನಡುವ ಯಾವನಾರ ಫೋನ್ ಮಾಡ್ತಾನ. ಹತ್ತಿ ರೇಟು ಕೇಳ್ತಾನ."

ಹತ್ತಿ ವ್ಯಾಪಾರದ ಮನೆ, ಅವಳ ಭಯ ಸುಳ್ಳಲ್ಲ. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಹಾಡುವ ಪೆಟ್ಟಿಗೆಯನ್ನೇ ಮಾಡಿಕೊಡುತ್ತೇನೆಂದೆ. ಒಳಗೊಂದು ಪುಟ್ಟ ಚಿಪ್, ಹೊರಗೆ ಹಳೇ ಸ್ಟೀಲ್ ಡಬ್ಬಿ. ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ ಫ್ಯಾಟ್ ಎನ್ನುತ್ತಾರೆ. ಪ್ರತಿ ಫೈಲಿನ ಹೆಸರೇನು, ಎಲ್ಲಿಂದ ಶುರು, ಎಷ್ಟು ಉದ್ದ ಎಂಬುದು ಅಲ್ಲಿರುತ್ತದೆ. ಅದನ್ನು ಓದಲು ಸಿದ್ಧ ಪ್ರೋಗ್ರಾಂಗಳು ಬೇಕಾದಷ್ಟಿವೆ. ನಾನು ಮುಟ್ಟಲಿಲ್ಲ, ಎಲ್ಲವನ್ನೂ ನಾನೇ ಬರೆದೆ. ಮೇಷ್ಟ್ರಗಿತ್ತಿಯ ಕೊಬ್ಬು!

ಅವ್ವ ಪೆನ್‌ಡ್ರೈವ್‌ನ ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕೇಳಿ ಒಂದನ್ನು ಅಳಿಸಿ ಹಾಕಿಸಿದಳು. ಅದರಲ್ಲಿ ನಡುವೆ ಸಾಲು ಮರೆತು ತಡವರಿಸಿದ್ದಳು. "ಬೀಗರ ಮುಂದ ನನ್ನ ಮಾನ ಹೋಗ್ತೈತಿ, ತಗೀ ಅದನ್ನ," ಎಂದಳು. ತೆಗೆದೆ. ಪೆಟ್ಟಿಗೆಯಲ್ಲಿ ಮೊದಲ ಹಾಡು ಚೆನ್ನಾಗಿ ಬಂತು. ಅಷ್ಟಕ್ಕೇ ಉಬ್ಬಿಹೋಗಿ, ಉಳಿದವನ್ನು ಪರೀಕ್ಷಿಸುವ ಗೋಜಿಗೆ ನಾನು ಹೋಗಲಿಲ್ಲ.

ಹೆಸರಿಡುವ ದಿನ ಕೋಸಗಿಯಿಂದ ಬಂದ ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿದಳು. ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ನಾನು ಗುಂಡಿ ಒತ್ತಿದೆ. ಮೊದಲ ಹಾಡಿಗೇ ಕೆಲವರು ಕಣ್ಣೊರೆಸಿಕೊಂಡರು. ಎರಡನೆಯದು ಶುರುವಾಗಿ, ಅರ್ಧಕ್ಕೆ ಗಕ್ಕನೆ ನಿಂತಿತು. ಪೆಟ್ಟಿಗೆಯಿಂದ ಅವ್ವನ ತುಂಬುದನಿಯ ಮಾತು ಬಂತು.

"ಏ, ಮುಂದೇನೈತೇ? ತೊಟ್ಟಿಲ ತಂದೆ, ಹಗ್ಗ ತಂದೆ, ಕೂಸನ್ನೆಲ್ಲಿ ಇಟ್ಟೆನೋ ಮರತೇ ಹೋತಲ್ಲೇ! ಹಲ್ಲು ಕಿಸೀಬ್ಯಾಡ, ಹೇಳವ್ವಾ!" ಆಮೇಲೆ ಮನೆ ಹಾರಿಹೋಗುವಂಥ ನಗು.

ನನ್ನ ಎಡವಟ್ಟು ಆ ಕ್ಷಣವೇ ಹೊಳೆಯಿತು. ಫೈಲು ಅಳಿಸಿದಾಗ ಅದರ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೇ. ಅದರ ಮೇಲೆ ಬೇರೇನಾದರೂ ಬರೆಯುವ ತನಕ ಹಾಡು ಇದ್ದಲ್ಲೇ ಇರುತ್ತದೆ. ಓದುವ ಪ್ರೋಗ್ರಾಂ ಆ ಗುರುತು ನೋಡಿ ದಾಟಿಹೋಗಬೇಕು. ನನ್ನದು ನೋಡಲೇ ಇಲ್ಲ.

"ಅಯ್ಯೋ ಅತ್ತಮ್ಮಾ, ಇದೇ ಬಾಗುಂದಿ!" ಇದೇ ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೇಳಿ ಸೋದರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವನ ಮಾನ ಕಳೆದೆನೆಂದು ನಾಚಿಕೆಯಿಂದ ಪೆಟ್ಟಿಗೆ ಆರಿಸಲು ಕೈಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ತಿರುಗಿ ನೋಡಿದರೆ ಅವಳೂ ನಗುತ್ತಿದ್ದಾಳೆ. ಬಾಯಿ ತೆರೆದಿದೆ, ಭುಜಗಳು ಕುಣಿಯುತ್ತಿವೆ, ಗಂಟಲಿನಿಂದ ಸದ್ದೇ ಇಲ್ಲ. ಸದ್ದು ಪೆಟ್ಟಿಗೆಯಿಂದ ಬರುತ್ತಿದೆ. ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಬೀಗರು ಹೊರಟ ಮೇಲೆ, ಪ್ರೋಗ್ರಾಂ ಸರಿಮಾಡಿಬಿಡಲಾ ಎಂದು ಕೇಳಿದೆ.

"ಮುಟ್ಟಿದಿ ಅಂದ್ರ ನೋಡು," ಎಂದು ಪಿಸುಗುಟ್ಟಿ ಅವ್ವ ತೊಟ್ಟಿಲ ಪಕ್ಕ ಕೂತಳು. "ಕೂಸು ಎದ್ದಾಳ. ಇನ್ನೊಂದು ಸಲ ಹಾಕು. ಹಾಡು ಬ್ಯಾಡ, ನಾ ನಗೂದು ಹಾಕು."