ಸಾಹೇಬರಿಗೆ ಬಿಟ್ಟ ದಾರಿ

ಮುಂಬಯಿ ಉಪನಗರದ ಈ ಸಣ್ಣ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ತೀರ ತಗ್ಗು. ಲೋಕಲ್ ಹತ್ತಬೇಕಾದರೆ ಗೋಡೆ ಹತ್ತುವವರಂತೆ ಕಾಲು ಎತ್ತಬೇಕು. ಕಳೆದ ತಿಂಗಳು ನನ್ನ ತಮ್ಮ ಇಲ್ಲಿಯೇ ಕಾಲು ಜಾರಿ ಗಾಡಿಯ ಕೆಳಗೆ ಬಿದ್ದು ತೀರಿಕೊಂಡ. ಅವನ ಕೋಣೆ ಖಾಲಿ ಮಾಡಲು ಧಾರವಾಡದಿಂದ ಬಂದಿರುವ ನನ್ನನ್ನು, ಪ್ರಯಾಣಿಕರ ಸಂಘದ ಕಾರ್ಯದರ್ಶಿ ಶೆಟ್ಟರು ಇವತ್ತು ಬೆಳಿಗ್ಗೆ ಇಲ್ಲಿಗೆ ಕರೆತಂದರು. ಪ್ಲಾಟ್‌ಫಾರಂ ಎತ್ತರಿಸಬೇಕೆಂಬುದು ಸಂಘದ ಬೇಡಿಕೆ. ಅದನ್ನು ಕಣ್ಣಾರೆ ನೋಡಲು ರೈಲ್ವೆ ಅಧಿಕಾರಿಯೊಬ್ಬರು ಬರುವವರಿದ್ದರು.

ಸಾಹೇಬರು ಬಂದರು, ಗಾಡಿಯೂ ಬಂತು. ದಿನವೂ ಒಬ್ಬರನ್ನೊಬ್ಬರು ನೂಕಿಕೊಂಡು ಹತ್ತುವ ಜನ, ಕೋಟು ಟೋಪಿ ಕಂಡದ್ದೇ ಎರಡೂ ಕಡೆ ಸರಿದು ದಾರಿ ಬಿಟ್ಟರು. ಒಬ್ಬರು ಮೊಣಕೈ ಹಿಡಿದು ಹತ್ತಿಸಿಯೂ ಬಿಟ್ಟರು. ಸಾಹೇಬರು ಆರಾಮಾಗಿ ಹತ್ತಿ, ಇಳಿದು, "ತೊಂದರೆ ಎಲ್ಲಿದೆ?" ಎಂದರು.

ಶೆಟ್ಟರು ಹಣೆ ಚಚ್ಚಿಕೊಂಡರು. "ಎಂಥ ಮಾರಾಯ್ರೆ ನೀವು! ಮದುಮಗನಿಗೆ ಬಿಟ್ಟ ಹಾಗೆ ದಾರಿ ಬಿಡ್ತೀರಲ್ಲ! ಮುಂದಿನ ಗಾಡಿಗೆ ಯಾರೂ ಮರ್ಯಾದೆ ಕೊಡ್ಬೇಡಿ!" ಎಂದು ಅಲ್ಲಿದ್ದ ನಮ್ಮ ಕನ್ನಡದವರನ್ನು ಬೈದು, ಉಳಿದವರನ್ನು ಮರಾಠಿಯಲ್ಲಿ ಬೈದು, ಸಾಹೇಬರನ್ನು ಇನ್ನೊಮ್ಮೆ ಹತ್ತಲು ಒಪ್ಪಿಸಿದರು.

ಈ ಸಲ ಯಾರೂ ಮರ್ಯಾದೆ ಕೊಡಲಿಲ್ಲ. ನಾನು ಮೊದಲೇ ಒಳಗೆ ಸೇರಿದ್ದೆ. ನೂಕಾಟದಲ್ಲಿ ಸಾಹೇಬರ ಕಾಲು ಮೆಟ್ಟಿಲಿನಿಂದ ಜಾರಿತು. ಅವರ ರಟ್ಟೆ ಹಿಡಿದು ಒಳಗೆಳೆದುಕೊಂಡೆ. ಗಾಡಿ ಹೊರಟ ಮೇಲೂ ಅವರು ನನ್ನ ಕೈ ಬಿಡಲಿಲ್ಲ.

"ಎಷ್ಟು ಎತ್ತರಿಸಬೇಕು?" ಎಂದು ಕೇಳಿದರು.

"ಮೊಣಕಾಲಿನಷ್ಟು" ಎಂದೆ. ಬಗ್ಗಿ ತೋರಿಸಲು ಅಲ್ಲಿ ಜಾಗವಿರಲಿಲ್ಲ.