ಸಿಸ್ಟರ್ ಹೊತ್ತುಕೊಂಡ ತಪ್ಪು

ಸಲೈನ್ ಬಾಟಲಿ ಸಿಕ್ಕಿಸುವಾಗ ಸಿಸ್ಟರ್ ತುದಿಗಾಲ ಮೇಲೆ ನಿಲ್ಲುತ್ತಿದ್ದರು. ಅಷ್ಟು ಕುಳ್ಳು. ಕೈ ಕೊಕ್ಕೆಗೆ ಎಟುಕುವವರೆಗೆ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಆಮೇಲೆ ಸ್ಟೂಲು ಎಳೆದುಕೊಂಡು ರೋಗಿಯ ಪಕ್ಕ ಕುಳಿತು ಮಾತು ಶುರುಮಾಡುತ್ತಿದ್ದರು. ಅವರು ನಿಂತು ಬುದ್ಧಿ ಹೇಳಿದ್ದನ್ನು ನಾನು ನೋಡಿಲ್ಲ.

ನಮ್ಮವರ ಎರಡೂ ಕಿಡ್ನಿ ಕೆಟ್ಟಿದ್ದವು. ಬನಹಟ್ಟಿಯಲ್ಲಿ ಮಗ್ಗಗಳನ್ನು ಮೈದುನನಿಗೆ ವಹಿಸಿ, ವಾರಕ್ಕೆ ಎರಡು ಸಲ ಜಮಖಂಡಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಬಸ್ಸಿನಲ್ಲಿ ಹೋಗುತ್ತಿದ್ದೆವು. ಯಂತ್ರ ರಕ್ತ ಶುದ್ಧ ಮಾಡಲು ನಾಲ್ಕು ತಾಸು ಬೇಕು. ಆ ನಾಲ್ಕು ತಾಸಿನಲ್ಲಿ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ಸ್ಟೂಲು ಎಳೆಯುತ್ತಿದ್ದರು.

“ನೀರು ಅಳದ ಕುಡೀಬೇಕ್ರಿ. ನೀರು ಅಂದ್ರ ಬರೇ ನೀರಲ್ರಿ. ಚಾ, ಮಜ್ಜಿಗಿ, ಸಾರು, ಎಲ್ಲಾ ನೀರ.”

“ಉಗುಳೂ ನೀರ ಏನ್ರಿ ಸಿಸ್ಟರ್?” ಎಂದು ಪಕ್ಕದ ಹಾಸಿಗೆಯ ತುಬಚಿಯ ಅಜ್ಜ ಒಮ್ಮೆ ಕೇಳಿದ.

“ಅದು ನಿಮ್ಮ ಮನೀದ ಮಾಲು ಅಜ್ಜಾರ, ನುಂಗ್ರಿ. ಅದಕ್ಕ ಮಾಫಿ.”

ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಕೊಡಬಾರದೆಂದು ಸಿಸ್ಟರ್ ನನಗೆ ಹೇಳಿದ್ದರು. ಮೊದಲ ವಾರ ಒಮ್ಮೆ, ಬೇಸಿಗೆಗೆ ಮುಂಚೆ ಇನ್ನೊಮ್ಮೆ. ಎರಡೂ ಸಲ ನಾನು “ಹೂನ್ರಿ” ಎಂದಿದ್ದೆ. ಹಾರ್ಟಿಗೆ ತ್ರಾಸಾಗುತ್ತದೆ ಎಂದಿದ್ದರು. ನೆಗಡಿಯಾದವರಿಗೆ ಹುಳಿ ಬೇಡ ಎನ್ನುತ್ತಾರಲ್ಲ, ಅಂಥದೇ ಒಂದು ಪಥ್ಯ ಎಂದುಕೊಂಡೆ.

ಆ ಏಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮವರ ತುಟಿ ಒಣಗಿ ಬಿರಿದಿತ್ತು. “ಒಂದ ಗುಟುಕು ಕೊಡ ಮಾರಾಯ್ತಿ” ಎಂದರು. ನೀರು ಕೊಡಲು ಭಯ. ಎಳನೀರು ತಂಪು, ಜಡ್ಡಿನವರಿಗೆ ಕೊಡುವುದೇ ಅದು. ಎರಡು ತಂದು ಕುಡಿಸಿದೆ. ಅವರು ಕಣ್ಣು ಮುಚ್ಚಿ ಕುಡಿದರು.

ಸಂಜೆ ಅವರಿಗೆ ಎದ್ದು ನಿಲ್ಲಲು ಆಗಲಿಲ್ಲ. ಕಾಲು ಬಟ್ಟೆಯ ಹಾಗೆ ಜೋತುಬಿದ್ದವು. ಪಕ್ಕದ ಮನೆಯವರ ಕಾರಿನಲ್ಲಿ ಅತ್ತೆ, ಮೈದುನ, ನಾನು ಸೇರಿ ಜಮಖಂಡಿಗೆ ಒಯ್ದೆವು. ಡಾಕ್ಟರು ಇಸಿಜಿ ತೆಗೆಸಿ ನೋಡಿ, ರಕ್ತದಲ್ಲಿ ಪೊಟ್ಯಾಶಿಯಂ ಏರಿ ಗುಂಡಿಗೆ ನಿಲ್ಲುವ ಹಂತದಲ್ಲಿದೆ, ಈಗಲೇ ಯಂತ್ರಕ್ಕೆ ಹಾಕಿ ಎಂದರು.

“ಇವತ್ತ ಏನ್ ಕುಡದ್ರು?” ಸಿಸ್ಟರ್ ನನ್ನನ್ನು ಕೇಳಿದರು.

“ಎಳನೀರು. ಎರಡು.”

ಅತ್ತೆ ನನ್ನ ಕಡೆ ತಿರುಗಿದರು. ಮೈದುನ ಹಲ್ಲು ಕಚ್ಚಿ, “ನಿಮಗ ಹೇಳಿದ್ದಿಲ್ಲೇನ್ರಿ ವೈನಿ?” ಎಂದ. ಡಾಕ್ಟರೂ ಅದನ್ನೇ ಸಿಸ್ಟರ್‌ಗೆ ಕೇಳಿದರು. ಇವರಿಗೆ ಹೇಳಿರಲಿಲ್ಲವೆ?

ಸಿಸ್ಟರ್ ಸೂಜಿಯಿಂದ ಕಣ್ಣೆತ್ತಲಿಲ್ಲ. “ಇಲ್ರಿ ಸರ್. ಹೇಳೂದು ಮರತೀನಿ. ನಂದ ತಪ್ಪು.”

ಡಾಕ್ಟರು ಎಲ್ಲರೆದುರು ಅವರನ್ನು ಬೈದರು. ಸಿಸ್ಟರ್ ನಳಿಕೆಗಳನ್ನು ಜೋಡಿಸುತ್ತಲೇ ಇದ್ದರು. ನಾನು ಗೋಡೆ ಹಿಡಿದು ನಿಂತಿದ್ದೆ.

ನಮ್ಮವರು ಉಳಿದರು. ಮುಂದಿನ ಸಲ ಹೋದಾಗ ನಾನು ಸಿಸ್ಟರ್ ಒಬ್ಬರೇ ಇರುವ ಹೊತ್ತು ನೋಡಿ, “ನೀವು ಹೇಳಿದ್ರಿ. ನನಗ ನೆನಪೈತಿ” ಎಂದೆ.

“ಹೇಳೇನಿ. ತಿಳಿಯೂ ಹಂಗ ಹೇಳಿಲ್ಲ. ತಿಳದಿದ್ರ ನೀವು ಕೊಡ್ತಿದ್ರೇನು?” ಎಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು. “ಕುಂದರ್ರಿ. ಈಗ ನೀವು ನನಗ ಹೇಳ್ರಿ, ಏನೇನ್ ಕೊಡಬಾರದು.”

ಅಂದಿನಿಂದ ಸಿಸ್ಟರ್ ಕಲಿಸುವ ರೀತಿಯೇ ಬದಲಾಯಿತು. ಹೊಸ ರೋಗಿ ಬಂದರೆ ಮನೆಯಲ್ಲಿ ಅಡುಗೆ ಮಾಡುವವರನ್ನು ಮೊದಲು ಕರೆಸುತ್ತಿದ್ದರು. “ನಾ ನಿಮ್ಮ ಮನಿಗೆ ಬಂದೀನಿ, ನಂಗೂ ಕಿಡ್ನಿ ಇಲ್ಲ, ನೀರಡಿಕಿ ಆಗೈತಿ. ಏನ್ ಕೊಡ್ತೀರಿ?” ಯಾರಾದರೂ ಎಳನೀರು ಎಂದರೆ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೇ ವಾಲಿಬಿಡುತ್ತಿದ್ದರು. ವಾರ್ಡಿಗೆ ವಾರ್ಡೇ ನಗುತ್ತಿತ್ತು. “ಸತ್ತೆ ನೋಡ್ರಿ. ಇನ್ನೊಮ್ಮೆ ಹೇಳ್ರಿ, ಏನ್ ಕೊಡ್ತೀರಿ?” ಸರಿಯಾದ ಉತ್ತರ ಬರುವವರೆಗೆ ಏಳುತ್ತಿರಲಿಲ್ಲ.

ನಮ್ಮವರು ಇನ್ನೂ ಮೂರು ವರ್ಷ ಬದುಕಿದರು. ಆ ಮೂರು ವರ್ಷಗಳಲ್ಲಿ ಮನೆಯಲ್ಲಿ ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ಅವರು ಹೋದ ಮೇಲೂ ತೋರಿಸಲಿಲ್ಲ. ಸಿಸ್ಟರ್ ಈಗ ಬೀಳಗಿಯ ಕಡೆ ಕೆಲಸ ಮಾಡುತ್ತಿದ್ದಾರಂತೆ.

ಮೊನ್ನೆ ಬಂದ ನೆಂಟರಿಗೆ ಅತ್ತೆ ಹೇಳುತ್ತಿದ್ದರು: “ಆ ಸಿಸ್ಟರ್ ಛಲೋ ಇದ್ಲು ಖರೆ, ಆದ್ರ ಒಮ್ಮೆ ಹೇಳೂದ ಮರತಿದ್ಲು ನೋಡ್ರಿ, ನನ್ನ ಮಗ ಹೋಗೇ ಬಿಡ್ತಿದ್ದ.” ನಾನು ಚಹಾದ ಕಪ್ಪು ಕೊಡುತ್ತ ಅಲ್ಲೇ ನಿಂತಿದ್ದೆ. ಈ ಸಲವೂ ಸುಮ್ಮನಿದ್ದೆ.

ಅವರು ಮರೆತಿರಲಿಲ್ಲ, ಅತ್ತೆ. ನನಗೆ ಹೇಳಿದ್ದರು. ಎರಡು ಸಲ.