ಅತ್ತಿಗೆ ಕೈ ತೊಳೆದ ಭಾನುವಾರ

ಕಳೆದ ಭಾನುವಾರ ನಮ್ಮತ್ತಿಗೆ ಸ್ಟ್ರೈಕ್ ಮಾಡಿದರು. ಯಾರ ವಿರುದ್ಧ? ನಮ್ಮಣ್ಣನ ವಿರುದ್ಧ. ಅಂದರೆ ಸ್ವಂತ ಗಂಡನ ವಿರುದ್ಧ, ಅದೂ ಸ್ವಂತ ಅಂಗಳದಲ್ಲಿ.

ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಆಫೀಸಿಗೆ ರಜೆಯೆಂದು ನಾನೂ ಹೋಗಿದ್ದೆ. ಈಗ ಹೊಗೆಸೊಪ್ಪಿನ ಸೀಸನ್. ಬೆಳಿಗ್ಗೆ ಕಿತ್ತ ಹಸಿ ಸೊಪ್ಪನ್ನು ಕೋಲಿನಂಥ ಉದ್ದನೆಯ ಕಡ್ಡಿಗೆ ಕಟ್ಟಿ, ಸಂಜೆಯೊಳಗೆ ಬ್ಯಾರನ್‌ಗೆ (ಸೊಪ್ಪು ಒಣಗಿಸುವ ಬಿಸಿ ಗೂಡಿಗೆ) ಏರಿಸಿ ಅದರ ಒಲೆಗೆ ಬೆಂಕಿ ಹಾಕಬೇಕು. ರಾಶಿಯಲ್ಲೇ ಉಳಿದರೆ ಬಿಸಿಯಾಗಿ ಹಾಳಾಗುತ್ತದೆ. ಕಟ್ಟಲು ಬರುವವರು ಅಕ್ಕಪಕ್ಕದ ಮನೆಯ ಹೆಂಗಸರು. ಕೂಲಿಗಲ್ಲ, ಮುಯ್ಯಾಳಿಗೆ. ಇವತ್ತು ಅವರು ನಮ್ಮ ಮನೆಗೆ, ನಾಳೆ ಅತ್ತಿಗೆ ಅವರ ಮನೆಗೆ.

ಈ ಕೆಲಸದಲ್ಲಿ ಕೈಗೆಲ್ಲ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಹೋಗಬೇಕೆಂದರೆ ಸೋಪಿನ ಪುಡಿ ಹಾಕಿ ಗಸಗಸ ತಿಕ್ಕಬೇಕು. ಹಾಗಾಗಿ ನಡುವೆ ಯಾರೂ ಕೈ ತೊಳೆಯುವುದಿಲ್ಲ. (ಕಾಫಿ ಲೋಟವನ್ನೂ ಸೆರಗಲ್ಲೇ ಹಿಡಿಯುತ್ತಾರೆ.) ತೊಳೆದರೆ ಆ ದಿನದ ಕೆಲಸ ಮುಗಿಯಿತೆಂದೇ ಅರ್ಥ.

ಪಕ್ಕದ ಮನೆಯ ಚಿಕ್ಕತಾಯಕ್ಕ ಕಟ್ಟಿದ್ದ ಒಂದು ಕಡ್ಡಿಯಿಂದ ಸೊಪ್ಪು ಜಾರಿ ಬಿತ್ತು. ಅಣ್ಣನ ಪಿತ್ತ ನೆತ್ತಿಗೇರಿತು. ಕಾರಣ ಇರಲಿಲ್ಲವೇ? ಇತ್ತು. ಬ್ಯಾರನ್ ಒಳಗೆ ಕಾದ ಪೈಪಿನ ಮೇಲೆ ಸೊಪ್ಪು ಉದುರಿದರೆ ಇಡೀ ಬ್ಯಾರನ್ನೇ ಸುಟ್ಟುಹೋದೀತು. ಆದರೆ ಅಣ್ಣ ಆ ಕಡ್ಡಿಯನ್ನು ಕಿತ್ತುಕೊಂಡು ಆಕೆಯ ಮೇಲೆಯೇ ಎತ್ತಿಬಿಟ್ಟ. ಹೊಡೆಯಲಿಲ್ಲ, ನಿಜ. ಚಿಕ್ಕತಾಯಕ್ಕ ಮಾತ್ರ ತಲೆಗೆ ಕೈ ಅಡ್ಡ ಹಿಡಿದು ಮುದುಡಿಕೊಂಡರು.

ಅತ್ತಿಗೆ ಎದ್ದರು. ನೀರಿನ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದರು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದರು. ಅಂಗಳದಲ್ಲಿ ರಾಶಿ ಇನ್ನೂ ಸೊಂಟದೆತ್ತರ ಇತ್ತು.

ಅಣ್ಣ ಬೆಪ್ಪಾದ. “ರಾತ್ರಿಯೆಲ್ಲ ಬೆಂಕಿ ಕಾದು ನಿದ್ದೆ ಇಲ್ಲ ಕಣಮ್ಮಿ. ಏನೋ ಕ್ವಾಪ ಬಂತು, ಬುಡು.”

“ನಿದ್ದೆ ನಂಗೂ ಇಲ್ಲ ಕಣ್ರೀ. ನಾನೂ ನಿಮ್ ಜೊತೇಲೇ ಒಲೆ ಮುಂದೆ ಕುಂತಿದ್ದೆ. ನಾನು ಯಾರ್ ಮ್ಯಾಲಾದ್ರೂ ಕಡ್ಡಿ ಎತ್ತಿದ್ನಾ?” ಎಂದರು ಅತ್ತಿಗೆ.

ಅಣ್ಣ ರಾಶಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ನೇರ ಚಿಕ್ಕತಾಯಕ್ಕನ ಮುಂದೆ ಹೋಗಿ ನಿಂತ. “ಅಕ್ಕ, ಕಡ್ಡಿ ಎತ್ತಿದ್ದು ತಪ್ಪಾಯ್ತು. ಇನ್ನೊಂದ್ಸಲ ಎತ್ತಲ್ಲ.” ಅಷ್ಟೇ. ‘ಆದ್ರೆ ನೀನೂ...’ ಎಂಬ ಬಾಲ ಅಂಟಿಸಲಿಲ್ಲ.

“ಸಡ್ಲಾಗಿದ್ರೆ ಬಿಚ್ಚಿ ಕಟ್ಟು ಅನ್ನಪ್ಪ, ಕಟ್ತೀನಿ. ಎದ್ರಸ್ಬ್ಯಾಡ,” ಎಂದರು ಆಕೆ. ಅದೇ ಕಡ್ಡಿಯನ್ನು ಬಿಚ್ಚಿ, ಬಿಗಿಯಾಗಿ ಕಟ್ಟಿ ಅವನ ಕೈಗೇ ಕೊಟ್ಟರು.

ತೊಳೆದ ಕೈಯಲ್ಲೇ ಹೆಂಗಸರು ಮತ್ತೆ ರಾಶಿಯ ಸುತ್ತ ಕುಳಿತರು. ಅಣ್ಣನೂ ಅವರ ನಡುವೆ ಕಟ್ಟಲು ಕುಳಿತ. (ಅವನ ಕಡ್ಡಿಯಿಂದಲೂ ಸೊಪ್ಪು ಜಾರಿತು. ಚಿಕ್ಕತಾಯಕ್ಕ ನಕ್ಕು ಬಿಗಿ ಮಾಡಿಕೊಟ್ಟರು.) ಕತ್ತಲಾಗುವ ಮುಂಚೆ ಬ್ಯಾರನ್ ತುಂಬಿತು.

“ಅಷ್ಟೂ ಸೊಪ್ಪು ಹಾಳಾಗಿದ್ದಿದ್ರೆ ಅತ್ತಿಗೆ?” ಎಂದು ಕೇಳಿದೆ.

“ಆಗ್ಲಿ ಕಣಪ್ಪ. ನಾಳೆ ಆವಮ್ಮನ ಮನೇಗೆ ಯಾವ್ ಮಕ ಇಟ್ಕಂಡು ಓಗ್ಲಿ?”

ನನಗೆ ಎದೆ ಉಬ್ಬಿತು. ಅತ್ತಿಗೆಯ ಬಗ್ಗೆ ಹೆಮ್ಮೆ ಸರಿಯೇ. ಎಲ್ಲರೆದುರು ಎತ್ತಿದ ಕೈಯನ್ನು ಎಲ್ಲರೆದುರೇ ಇಳಿಸಿದ ಅಣ್ಣನ ಬಗ್ಗೆಯೂ ಹೆಮ್ಮೆಯಾಯಿತು.

ನಮ್ಮ ಆಫೀಸುಗಳಲ್ಲಿ ಇದಕ್ಕೆಲ್ಲ ಕಮಿಟಿ ಇದೆ, ಗೋಡೆಗೆ ಪೋಸ್ಟರ್ ಇದೆ, ಟ್ರೈನಿಂಗೂ ಇದೆ (ಊಟ ಚೆನ್ನಾಗಿರುತ್ತದೆ). ಇರಲಿ, ಎಲ್ಲವೂ ಬೇಕು. ಆದರೆ ಬಾಸ್ ಫೈಲ್ ಎತ್ತಿ ಯಾರದೋ ಮುಖಕ್ಕೆ ಬಿಸಾಡಿದ ಕ್ಷಣದಲ್ಲಿ, ನಿಮ್ಮಲ್ಲಿ ಕುರ್ಚಿ ಬಿಟ್ಟು ಮೊದಲು ಏಳುವವರು ಯಾರು?